ಶುಗರ್ ಇದ್ದವರ ಕೈಕಾಲು ಜೋಮು: ಕೆಂಪು ಇಂಜೆಕ್ಷನ್ ಚುಚ್ಚಿಸಿಕೊಳ್ಳುವ ಮೊದಲು ಮಾಡಬೇಕಾದ ಕೆಲಸ

ಪಾದ ಜುಮುಜುಮು ಅನ್ನುತ್ತದೆ ಎಂದು ಹೋದವರಿಗೆ ‘ಶುಗರ್ ಇದೆಯಲ್ಲ, ನರ ವೀಕ್ ಆಗಿದೆ’ ಅನ್ನುವ ಉತ್ತರ ಎರಡೇ ನಿಮಿಷದಲ್ಲಿ ಸಿಗುತ್ತದೆ. ಜೊತೆಗೊಂದು ಕೆಂಪು ಇಂಜೆಕ್ಷನ್ (ಅದು ವಿಟಮಿನ್ ಬಿ12), ಒಂದು ಸ್ಟ್ರಿಪ್ ವಿಟಮಿನ್. ಆರು ತಿಂಗಳ ನಂತರವೂ ಜೋಮು ಹಾಗೇ ಇರುತ್ತದೆ, ಪಾದವನ್ನು ಯಾರೂ ಮುಟ್ಟಿ ನೋಡಿರುವುದಿಲ್ಲ. ನಮ್ಮ ದೊಡ್ಡಪ್ಪನ ವಿಷಯದಲ್ಲಿ ಹೀಗೇ ಎರಡು ವರ್ಷ ಕಳೆಯಿತು.

ಟೈಪ್ 2 ಮಧುಮೇಹದಲ್ಲಿ ಜೋಮಿಗೆ ಶುಗರ್ ಕಾರಣವಾಗಿರುವುದೇ ಹೆಚ್ಚು, ನಿಜ. ಆದರೆ ಅದನ್ನು ಉಳಿದ ಕಾರಣಗಳನ್ನು ನೋಡಿ ತಳ್ಳಿಹಾಕಿದ ಮೇಲೆ ಹೇಳಬೇಕು. ಆ ಉಳಿದ ಕಾರಣಗಳಲ್ಲಿ ಹಲವು ಗುಣವಾಗುವಂಥವು. ಈ ಕೆಲಸದಲ್ಲಿ ಕ್ರಮ ಮುಖ್ಯ. ಒಂದು ಹಂತ ಹಿಂದುಮುಂದಾದರೆ ಮುಂದಿನ ಹಂತದ ಉತ್ತರವೇ ಕೆಡುತ್ತದೆ.

ಬೇಕಾಗುವ ಸಾಮಾನು

ಒಂದು ಖಾಲಿ ಹಾಳೆ, ಎರಡು ಬಣ್ಣದ ಪೆನ್ನು, ಒಂದು ಕೈಗನ್ನಡಿ, ಮನೆಯಲ್ಲಿರುವ ಎಲ್ಲ ಮಾತ್ರೆಗಳ ಸ್ಟ್ರಿಪ್‌ಗಳು, ಹಳೆಯ ರಿಪೋರ್ಟುಗಳು, ಗ್ಲೂಕೋಮೀಟರ್ ಇದ್ದರೆ ಅದು. ಜೊತೆಗೆ ಹತ್ತು ನಿಮಿಷ ಕೊಡಬಲ್ಲ ಮನೆಯವರೊಬ್ಬರು. ಸೂಜಿ, ಪಿನ್ನು, ಬಿಸಿನೀರು ಯಾವುದೂ ಬೇಡ.

ಹಂತ 1: ಇದು ಕಾಯಬಹುದಾದ ಜೋಮೇ ಎಂದು ಮೊದಲು ನೋಡಿ

ಮುಖ, ಕೈ, ಕಾಲು ಒಂದೇ ಬದಿಯಲ್ಲಿ ದಿಢೀರನೆ ಮರಗಟ್ಟಿದರೆ, ಬಾಯಿ ಸೊಟ್ಟಗಾದರೆ, ಮಾತು ತೊದಲಿದರೆ ಅದು ಪಾರ್ಶ್ವವಾಯು ಇರಬಹುದು. ಶುಗರ್ ಇದ್ದವರಿಗೆ ಅದರ ಅಪಾಯ ಹೆಚ್ಚು. ರಕ್ತದ ಹೆಪ್ಪು ಕರಗಿಸುವ ಇಂಜೆಕ್ಷನ್ ಸಾಮಾನ್ಯವಾಗಿ ಕೆಲಸಕ್ಕೆ ಬರುವುದು ಶುರುವಾದ ನಾಲ್ಕೂವರೆ ಗಂಟೆಯೊಳಗೆ. ಹಾಗಾಗಿ ಲಕ್ಷಣ ಶುರುವಾದ ಸಮಯ ಬರೆದಿಟ್ಟುಕೊಂಡು 108ಕ್ಕೆ ಕರೆ ಮಾಡಿ. ಹತ್ತು ನಿಮಿಷದಲ್ಲಿ ತಾನಾಗಿಯೇ ಸರಿಹೋಯಿತು ಎಂದು ಸುಮ್ಮನಾಗಬೇಡಿ, ಅವತ್ತೇ ಆಸ್ಪತ್ರೆಗೆ ಹೋಗಿ.

ತಡಮಾಡಬಾರದ ಇನ್ನೂ ಮೂರು ಸಂದರ್ಭಗಳಿವೆ. ಜೋಮಿನ ಜೊತೆ ಕಾಲಿನ ಶಕ್ತಿ ದಿನದಿಂದ ದಿನಕ್ಕೆ ಕುಂದಿ, ಮೆಟ್ಟಿಲು ಹತ್ತಲಾಗದೆ, ನಿಶ್ಶಕ್ತಿ ಮೇಲಕ್ಕೇರುತ್ತಿದ್ದರೆ ಗಿಲನ್-ಬಾರೆ ಸಿಂಡ್ರೋಮ್ (ದೇಹದ ರೋಗನಿರೋಧಕ ಶಕ್ತಿಯೇ ನರಗಳ ಮೇಲೆ ಎರಗುವ ಕಾಯಿಲೆ) ಇರಬಹುದು. ಅದು ಉಸಿರಾಟದ ಸ್ನಾಯುಗಳನ್ನೂ ಹಿಡಿಯಬಲ್ಲದು. ಎರಡನೆಯದು, ಬೆನ್ನುನೋವಿನ ಜೊತೆ ತೊಡೆಸಂದು, ಗುದದ ಸುತ್ತ ಮರಗಟ್ಟಿ ಮೂತ್ರ ಕಟ್ಟಿಕೊಳ್ಳುವುದು. ಬೆನ್ನುಹುರಿಯ ಕೆಳತುದಿಯ ನರಗಳು ಒತ್ತಿಹೋಗಿರುವ ಸೂಚನೆ ಅದು. ಮೂರನೆಯದು, ಒಂದು ಕಾಲು ತಣ್ಣಗಾಗಿ, ಬಣ್ಣಗೆಟ್ಟು, ಜೋರಾಗಿ ನೋಯುವುದು. ಅಲ್ಲಿ ಕೆಟ್ಟಿರುವುದು ರಕ್ತ ಸಂಚಾರ.

ತುಟಿಯ ಸುತ್ತ ಜುಮುಗುಟ್ಟಿ, ಬೆವರಿ, ಕೈ ನಡುಗಿದರೆ ಗ್ಲೂಕೋಮೀಟರ್ ಹಿಡಿಯಿರಿ. 70ಕ್ಕಿಂತ ಕಡಿಮೆ ಇದ್ದರೆ ಅದು ಲೋ ಶುಗರ್. ಮೂರು ಚಮಚ ಸಕ್ಕರೆ ನೀರಲ್ಲಿ ಕದಡಿ ಕುಡಿಸಿ, ಹದಿನೈದು ನಿಮಿಷದ ನಂತರ ಮತ್ತೆ ನೋಡಿ. ಮೀಟರ್ ಇಲ್ಲದಿದ್ದರೆ ಹುಡುಕುತ್ತಾ ಕೂರದೆ ಸಕ್ಕರೆ ಕೊಡಿ. ಪ್ರಜ್ಞೆ ಮಂಕಾಗಿದ್ದರೆ ಮಾತ್ರ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಒಯ್ಯಿರಿ.

ಇವು ಯಾವುವೂ ಇಲ್ಲದಿದ್ದರೆ ಮುಂದಿನ ಹಂತಕ್ಕೆ ಬನ್ನಿ.

ಹಂತ 2: ಜೋಮಿನ ನಕ್ಷೆ ಬರೆಯಿರಿ

ಎಲ್ಲರೂ ಬಿಟ್ಟುಬಿಡುವ ಹಂತ ಇದು, ಅರ್ಧ ಉತ್ತರ ಇರುವುದೂ ಇಲ್ಲೇ. ಹಾಳೆಯ ಮೇಲೆ ಎರಡು ಅಂಗೈ, ಎರಡು ಪಾದ, ಮುಂದಿನಿಂದ ಮತ್ತು ಹಿಂದಿನಿಂದ ಎರಡು ಕಾಲು ಬರೆಯಿರಿ. ಚಿತ್ರ ಸೊಟ್ಟಗಿದ್ದರೂ ನಡೆಯುತ್ತದೆ. ಜುಮುಗುಟ್ಟುವ ಅಥವಾ ಉರಿಯುವ ಜಾಗಕ್ಕೆ ಒಂದು ಬಣ್ಣ, ಮುಟ್ಟಿದರೆ ಗೊತ್ತಾಗದ ಜಾಗಕ್ಕೆ ಇನ್ನೊಂದು ಬಣ್ಣ. ಎರಡನ್ನೂ ಸೇರಿಸಿ ‘ಕಾಲು ನೋವು’ ಎಂದು ಹೇಳುವುದೇ ನಾವು ಮಾಡುವ ದೊಡ್ಡ ತಪ್ಪು. ಕೇಳಿಸಿಕೊಂಡ ಡಾಕ್ಟರು ಮಂಡಿ ಒತ್ತಿ ನೋಡಿ ಕಳಿಸುತ್ತಾರೆ.

ಈಗ ನಕ್ಷೆ ಓದೋಣ.

ಎರಡೂ ಪಾದದ ಬೆರಳ ತುದಿಯಿಂದ ಶುರುವಾಗಿ, ಸಾಕ್ಸ್ ಹಾಕಿದ ಹಾಗೆ ಸಮಸಮವಾಗಿ ತಿಂಗಳು, ವರ್ಷಗಳಲ್ಲಿ ಮೇಲೇರಿದ್ದರೆ ಅದು ಶುಗರ್‌ನ ನರಹಾನಿಯ ರೀತಿ. ಅತಿ ಉದ್ದದ ನರಗಳು ಮೊದಲು ಕೆಡುತ್ತವೆ, ಅವುಗಳ ತುದಿ ಇರುವುದು ಕಾಲ್ಬೆರಳಲ್ಲಿ. ಜೋಮು ಮಂಡಿಯ ಹತ್ತಿರ ಬರುವ ಹೊತ್ತಿಗೆ ಕೈಬೆರಳಿನ ತುದಿಯಲ್ಲೂ ಶುರುವಾಗುತ್ತದೆ. ರಾತ್ರಿ ಹೆಚ್ಚು, ಹೊದಿಕೆ ಸೋಕಿದರೂ ಉರಿ, ಹತ್ತಿಯ ಮೇಲೆ ನಡೆದ ಹಾಗೆ, ಚಪ್ಪಲಿ ಕಾಲಿಂದ ಜಾರಿಹೋದದ್ದು ಹತ್ತು ಹೆಜ್ಜೆ ನಡೆದ ಮೇಲೆ ಗೊತ್ತಾಗುವುದು, ಇವೆಲ್ಲ ಈ ಗುಂಪಿನವು.

ಕಾಲಿಗಿಂತ ಮೊದಲು ಅಥವಾ ಕಾಲಿನ ಜೊತೆಜೊತೆಗೇ ಕೈಯಲ್ಲೂ ಶುರುವಾಗಿದ್ದರೆ ಬರೀ ಶುಗರ್ ಎಂದು ನಂಬಬೇಡಿ. ಸ್ನಾನಕ್ಕೆ ಕೂತು ತಲೆಗೆ ನೀರು ಹೊಯ್ದುಕೊಳ್ಳುವಾಗ ಕಣ್ಣು ಮುಚ್ಚಿದ ಕೂಡಲೇ ತೂರಾಡಿದ ಹಾಗಾಗುತ್ತದೆಯೇ? ಕತ್ತಲಲ್ಲಿ ನಡೆಯಲು ಗೋಡೆ ಬೇಕೇ? ನಾಲಿಗೆ ನುಣುಪಾಗಿ ಖಾರ ತಾಗುತ್ತದೆಯೇ? ಇವು ಬಿ12 ಕೊರತೆಯ ಸುಳಿವು ಕೊಡುವ ಪ್ರಶ್ನೆಗಳು. ಬಿ12 ಕಡಿಮೆಯಾದರೆ ನರದ ಜೊತೆ ಬೆನ್ನುಹುರಿಗೂ ಪೆಟ್ಟು.

ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು, ನಡುರಾತ್ರಿ ಎದ್ದು ಕೈ ಒದರಿದರೆ ಹಗುರ: ಇದು ಮಣಿಕಟ್ಟಿನಲ್ಲಿ ನರ ಒತ್ತುವ ಕಾರ್ಪಲ್ ಟನಲ್. ಶುಗರ್ ಮತ್ತು ಥೈರಾಯ್ಡ್ ಇರುವವರಿಗೆ ಹೆಚ್ಚು. ಕಿರುಬೆರಳು, ಉಂಗುರ ಬೆರಳು ಮಾತ್ರವಾದರೆ ಒತ್ತಡ ಮೊಣಕೈಯಲ್ಲಿರುವ ಸಾಧ್ಯತೆ ಹೆಚ್ಚು. ಒಂದು ತೊಡೆಯ ಹೊರಮೈಯಷ್ಟೇ ಅಂಗೈ ಅಗಲ ಮರಗಟ್ಟಿದ್ದರೆ ನಿಮ್ಮ ಬೆಲ್ಟು, ಸೀರೆಯ ಲಂಗದ ಲಾಡಿ ಸಡಿಲ ಮಾಡಿ ಕೆಲವು ವಾರ ನೋಡಿ. ಹೊಟ್ಟೆ ಬೆಳೆದವರಲ್ಲಿ ತೊಡೆಸಂದಿನ ಬಳಿ ಹಾದುಬರುವ ಚರ್ಮದ ನರವೊಂದು ಅಲ್ಲಿ ಒತ್ತಿಹೋಗುತ್ತದೆ. ಸೊಂಟದಿಂದ ಒಂದೇ ಕಾಲಿಗೆ ಎಳೆದುಕೊಂಡು ಇಳಿಯುವ ಜೋಮು ಬೆನ್ನಿನದು.

ಮೈಮೇಲೆ ಬಿಳಿಚಿದ ಅಥವಾ ಕೆಂಪಾದ ಮಚ್ಚೆಯಿದ್ದು, ಅದರೊಳಗೆ ಮುಟ್ಟಿದ್ದು ಗೊತ್ತಾಗದಿದ್ದರೆ ಕುಷ್ಠರೋಗದ ಪರೀಕ್ಷೆ ಆಗಲೇಬೇಕು. ಹೆಸರು ಕೇಳಿ ಹಿಂಜರಿಯುವವರೇ ಹೆಚ್ಚು. ಆದರೆ ಎಂಡಿಟಿ ಎಂಬ ಹಲವು ಔಷಧಿಗಳ ಜೋಡಿ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ, ಬಗೆ ನೋಡಿಕೊಂಡು 6 ಅಥವಾ 12 ತಿಂಗಳ ಚಿಕಿತ್ಸೆ. ಶುಗರ್ ಇದೆ ಎಂಬ ಒಂದೇ ಕಾರಣಕ್ಕೆ ಇದು ತಪ್ಪಿಹೋದರೆ ಬೆರಳು ಮಡಚಿಹೋಗುವವರೆಗೂ ಯಾರಿಗೂ ತಿಳಿಯುವುದಿಲ್ಲ.

ನಕ್ಷೆಯ ಕೆಳಗೆ ಒಂದು ಸಾಲು: ಯಾವ ತಿಂಗಳಲ್ಲಿ ಶುರುವಾಯಿತು, ಅದಕ್ಕೆ ಮೊದಲಿನ ಮೂರು ತಿಂಗಳಲ್ಲಿ ಏನು ಬದಲಾಯಿತು. ಹೊಸ ಮಾತ್ರೆ, ಇನ್ಸುಲಿನ್, ಕಠಿಣ ಪಥ್ಯ, ಆಪರೇಷನ್, ಯಾವುದಾದರೂ ಸರಿ.

ಹಂತ 3: ಮಾತ್ರೆ ಡಬ್ಬಿ ಖಾಲಿ ಮಾಡಿ ಓದಿ

ಎಲ್ಲ ಸ್ಟ್ರಿಪ್ಪುಗಳನ್ನೂ ಮೇಜಿನ ಮೇಲೆ ಹರಡಿ, ಹಿಂಬದಿಯ ಸಣ್ಣ ಅಕ್ಷರ ಓದಿ. ಹುಡುಕಬೇಕಾದ ಮೊದಲ ಹೆಸರು ಮೆಟ್‌ಫಾರ್ಮಿನ್. ‘ನಾನು ಮೆಟ್‌ಫಾರ್ಮಿನ್ ತಗೊಳ್ಳಲ್ಲ’ ಅನ್ನುವವರ ಸ್ಟ್ರಿಪ್ಪಿನಲ್ಲೂ ಅದು ಸಿಗುತ್ತದೆ. ಗ್ಲಿಮೆಪಿರೈಡ್, ವಿಲ್ಡಾಗ್ಲಿಪ್ಟಿನ್ ಜೊತೆ ಒಂದೇ ಮಾತ್ರೆಯಲ್ಲಿ ಬೆರೆತು ಬರುವುದು ನಮ್ಮಲ್ಲಿ ಮಾಮೂಲು, ಬ್ರಾಂಡ್ ಹೆಸರಿನ ಬಾಲದಲ್ಲಿರುವ ‘ಎಂ’ ಎಷ್ಟೋ ಸಲ ಅದೇ. ದಿನಕ್ಕೆ ಒಟ್ಟು ಎಷ್ಟು ಮಿಲಿಗ್ರಾಂ, ಎಷ್ಟು ವರ್ಷದಿಂದ ಎಂದು ಬರೆಯಿರಿ.

ಮೆಟ್‌ಫಾರ್ಮಿನ್ ಒಳ್ಳೆಯ ಔಷಧಿ, ಅದನ್ನು ನೀವೇ ನಿಲ್ಲಿಸಬೇಡಿ. ಆದರೆ ಸಣ್ಣ ಕರುಳಿನ ಕೊನೆಯ ಭಾಗದಲ್ಲಿ ಬಿ12 ಹೀರಿಕೆಯನ್ನು ಅದು ತಗ್ಗಿಸುತ್ತದೆ. ಪ್ರಮಾಣ ಮತ್ತು ವರ್ಷ ಹೆಚ್ಚಿದಂತೆ ಕೊರತೆಯ ಸಾಧ್ಯತೆ ಹೆಚ್ಚುತ್ತದೆ. ಯಕೃತ್ತಿನಲ್ಲಿ ಬಿ12 ದಾಸ್ತಾನು ಇರುವುದರಿಂದ ಕೊರತೆ ಕಾಣಿಸಿಕೊಳ್ಳಲು ವರ್ಷಗಳೇ ಬೇಕು, ಅಷ್ಟರಲ್ಲಿ ಮಾತ್ರೆಯ ಮೇಲೆ ಯಾರಿಗೂ ಅನುಮಾನ ಬರುವುದಿಲ್ಲ. ಬೆಳಿಗ್ಗೆ ಎದ್ದು ನುಂಗುವ ಗ್ಯಾಸ್ ಮಾತ್ರೆಯೂ (ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್) ವರ್ಷಗಟ್ಟಲೆ ಮುಂದುವರಿದರೆ ಇದಕ್ಕೇ ಕೈಜೋಡಿಸುತ್ತದೆ. ಇನ್ನು ಊಟ. ಬೇಳೆ, ಸೊಪ್ಪು, ರಾಗಿಯಲ್ಲಿ ಬಿ12 ಇಲ್ಲ. ಅದು ಸಿಗುವುದು ಹಾಲು, ಮೊಸರು, ಮೊಟ್ಟೆ, ಮೀನು, ಮಾಂಸದಲ್ಲಿ. ಕೊಬ್ಬು ಎಂದು ಹೆದರಿ ಹಾಲು ಮೊಸರನ್ನೂ ಬಿಟ್ಟ ಸಸ್ಯಾಹಾರಿಗೆ ಮೂರೂ ಒಟ್ಟಿಗೆ ಕೂಡಿಬರುತ್ತವೆ.

ಉಳಿದವು ಬೇಗ ಹೇಳುತ್ತೇನೆ. ಕ್ಷಯದ ಚಿಕಿತ್ಸೆಯ ಐಸೋನಿಯಾಜಿಡ್, ಲಿನೆಜೋಲಿಡ್, ತುಂಬಾ ದಿನ ತೆಗೆದುಕೊಂಡ ಮೆಟ್ರೋನಿಡಜೋಲ್, ಕೆಲವು ಕೀಮೋಥೆರಪಿ ಔಷಧಿಗಳು ನರಕ್ಕೆ ತೊಂದರೆ ಕೊಡಬಲ್ಲವು. ವಿಚಿತ್ರವೆಂದರೆ ‘ನರಕ್ಕೆ’ ಎಂದು ಅಂಗಡಿಯಿಂದ ತಂದು ನುಂಗುವ ಬಿ6 ಅತಿಯಾದರೆ ಅದೂ ಜೋಮು ತರಿಸುತ್ತದೆ. ಕುಡಿತ ಇದ್ದರೆ ಅಳತೆ ಸಮೇತ ಹಾಳೆಯಲ್ಲಿ ಬರೆಯಿರಿ. ಮನೆಯವರ ಮುಂದೆ ಹೇಳಲು ಸಂಕೋಚವಾದರೆ ಡಾಕ್ಟರ ಹತ್ತಿರ ಒಬ್ಬರೇ ಇದ್ದಾಗ ಹೇಳಿ.

ಹಂತ 4: ಆರು ಬೆರಳಿನ ಸ್ಪರ್ಶ ಪರೀಕ್ಷೆ

ಇಂಗ್ಲೆಂಡಿನ ಇಪ್ಸ್‌ವಿಚ್‌ನಲ್ಲಿ ರೂಪುಗೊಂಡ ಈ ಪರೀಕ್ಷೆಗೆ ಬೆರಳೊಂದು ಬಿಟ್ಟರೆ ಬೇರೇನೂ ಬೇಡ. ಪರೀಕ್ಷೆ ಮಾಡಿಸಿಕೊಳ್ಳುವವರು ಸಾಕ್ಸ್ ತೆಗೆದು ಮಲಗಿ ಕಣ್ಣು ಮುಚ್ಚಬೇಕು. ಯಾವುದು ಎಡ, ಯಾವುದು ಬಲ ಎಂದು ಮೊದಲೇ ಕಾಲು ಮುಟ್ಟಿ ಹೇಳಿ. ನಂತರ ನಿಮ್ಮ ತೋರುಬೆರಳ ತುದಿಯಿಂದ ಅವರ ಕಾಲ್ಬೆರಳ ತುದಿಗಳನ್ನು ಗರಿ ಸೋಕಿದಷ್ಟು ಹಗುರವಾಗಿ ಒಂದೆರಡು ಸೆಕೆಂಡು ಮುಟ್ಟುತ್ತಾ ಹೋಗಿ: ಬಲ ಹೆಬ್ಬೆರಳು, ಬಲ ಕಿರುಬೆರಳು, ಎಡ ಹೆಬ್ಬೆರಳು, ಎಡ ಕಿರುಬೆರಳು, ಬಲ ನಡುಬೆರಳು, ಎಡ ನಡುಬೆರಳು. ಗೊತ್ತಾದಾಗಲೆಲ್ಲ ಅವರು ‘ಎಡ’ ಅಥವಾ ‘ಬಲ’ ಅನ್ನಬೇಕು.

ಆರರಲ್ಲಿ ಎರಡು ಅಥವಾ ಹೆಚ್ಚು ತಪ್ಪಿದರೆ ಪಾದದ ಸ್ಪರ್ಶಜ್ಞಾನ ಕುಂದಿದೆ ಎಂದು ಲೆಕ್ಕ.

ತಪ್ಪಾಗುವುದು ಎಲ್ಲಿ? ಒತ್ತುವುದರಲ್ಲಿ. ಒತ್ತಿದರೆ ಆಳದ ನರ ಉತ್ತರ ಕೊಟ್ಟುಬಿಡುತ್ತದೆ. ಗೊತ್ತಾಗಲಿಲ್ಲವೆಂದು ಎರಡನೇ ಸಲ ಮುಟ್ಟುವುದೂ ತಪ್ಪು. ‘ಈಗ ಗೊತ್ತಾಯ್ತಾ ಅಪ್ಪಾ?’ ಎಂದು ಕೇಳಿದರೆ ಅಪ್ಪ ಹೌದು ಅಂದೇ ಅನ್ನುತ್ತಾರೆ, ಅದಕ್ಕೇ ಏನೂ ಕೇಳದೆ ಸುಮ್ಮನೆ ಮುಟ್ಟಿ. ಒಡೆದ ಹಿಮ್ಮಡಿಯಲ್ಲಿ, ಆಣಿಯ ಮೇಲೆ ಪರೀಕ್ಷೆ ಮಾಡಬೇಡಿ, ದಪ್ಪ ಚರ್ಮದಲ್ಲಿ ಆರೋಗ್ಯವಂತರಿಗೂ ತಿಳಿಯುವುದಿಲ್ಲ.

ಆರೂ ಸರಿ ಬಂದ ಮಾತ್ರಕ್ಕೆ ನರ ಚೆನ್ನಾಗಿದೆ ಎಂದಲ್ಲ. ಉರಿ, ನೋವು, ಶಾಖ ತಿಳಿಸುವ ಸಣ್ಣ ನರಗಳು ಕೆಟ್ಟಿದ್ದರೂ ಈ ಪರೀಕ್ಷೆಯಲ್ಲಿ ಪಾಸಾಗಬಹುದು.

ಹಂತ 5: ರಕ್ತ ಮೊದಲು, ಇಂಜೆಕ್ಷನ್ ಆಮೇಲೆ

ಓದುಗರು ಮತ್ತೆ ಮತ್ತೆ ಎಡವುವುದು ಇಲ್ಲಿ. ಬಿ12 ಇಂಜೆಕ್ಷನ್ ಅಥವಾ ಮಾತ್ರೆ ತೆಗೆದುಕೊಂಡ ಮೇಲೆ ರಕ್ತ ಕೊಟ್ಟರೆ ಬಿ12 ಅಂಕಿ ಭರ್ಜರಿಯಾಗಿ ಬರುತ್ತದೆ. ಕೊರತೆ ಇತ್ತೇ ಎಂದು ಆಮೇಲೆ ಹೇಳುವುದು ಕಷ್ಟ. ದೊಡ್ಡಪ್ಪನಿಗೆ ಆದದ್ದೂ ಅದೇ: ನಾಲ್ಕು ಇಂಜೆಕ್ಷನ್ ಆದಮೇಲೆ ಪರೀಕ್ಷೆ, ‘ಬಿ12 ನಾರ್ಮಲ್’ ಎಂಬ ರಿಪೋರ್ಟು, ಅಲ್ಲಿಗೆ ಇಂಜೆಕ್ಷನ್ನೂ ನಿಂತಿತು. ಮೊದಲೇ ತೆಗೆದುಕೊಂಡಿದ್ದರೆ ದಿನಾಂಕ ಸಮೇತ ಡಾಕ್ಟರಿಗೆ ಹೇಳಿ.

ಡಾಕ್ಟರ ಜೊತೆ ಮಾತಾಡಿ ಮಾಡಿಸಬೇಕಾದವು: ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಶುಗರ್), ಬಿ12, ಸಿಬಿಸಿ (ರಕ್ತಕಣಗಳ ಎಣಿಕೆ), ಟಿಎಸ್‌ಎಚ್ (ಥೈರಾಯ್ಡ್), ಕ್ರಿಯಾಟಿನಿನ್ ಮತ್ತು ಮೂತ್ರದಲ್ಲಿ ಆಲ್ಬುಮಿನ್ (ಎರಡೂ ಕಿಡ್ನಿಗೆ). ಮೊದಲ ಸುತ್ತಿಗೆ ಸಾಮಾನ್ಯವಾಗಿ ಇಷ್ಟು ಸಾಕು. ತಾಲೂಕು ಆಸ್ಪತ್ರೆಯ ಎನ್‌ಸಿಡಿ (ಶುಗರ್, ಬಿಪಿಯಂಥ ಅಂಟದ ಕಾಯಿಲೆಗಳ) ಕ್ಲಿನಿಕ್‌ನಲ್ಲಿ ಯಾವುದು ಸಿಗುತ್ತದೆ ಎಂದು ಮೊದಲು ವಿಚಾರಿಸಿ, ಉಳಿದದ್ದನ್ನು ಹೊರಗೆ ಮಾಡಿಸಿ.

ಬಿ12 ರಿಪೋರ್ಟಿನಲ್ಲಿ ಸಾಮಾನ್ಯವಾಗಿ ಮಿಲಿಲೀಟರಿಗೆ 200 ಪಿಕೋಗ್ರಾಂಗಿಂತ ಕೆಳಗಿದ್ದರೆ ಕೊರತೆ. 200ರಿಂದ 300ರ ನಡುವೆ ಇದ್ದರೆ ಅನುಮಾನದ ಜಾಗ. ಲ್ಯಾಬಿನವರು ‘ನಾರ್ಮಲ್’ ಎಂದು ಅಚ್ಚು ಹಾಕಿದ್ದರೂ ಜೋಮು ಇರುವವರು ಅಷ್ಟಕ್ಕೇ ಬಿಡಬಾರದು, ಕೊರತೆಯನ್ನು ಖಚಿತಪಡಿಸುವ ಮೀಥೈಲ್‌ಮಲೋನಿಕ್ ಆಸಿಡ್ ಪರೀಕ್ಷೆ ಬೇಕೇ ಎಂದು ಕೇಳಿ. ಹಿಮೋಗ್ಲೋಬಿನ್ ಚೆನ್ನಾಗಿದೆ, ಹಾಗಾಗಿ ಬಿ12 ಕೊರತೆ ಇಲ್ಲ ಅನ್ನುವ ವಾದವನ್ನೂ ಒಪ್ಪಬೇಡಿ. ರಕ್ತಹೀನತೆ ಇಲ್ಲದೆಯೂ ನರ ಕೆಡುತ್ತದೆ. ಫೋಲಿಕ್ ಆಸಿಡ್ ಮಾತ್ರ ನುಂಗುತ್ತಿದ್ದರಂತೂ ರಕ್ತ ಸರಿಯಾಗಿ ಕಂಡು, ನರ ಒಳಗೇ ಹಾಳಾಗುತ್ತಿರುತ್ತದೆ.

ಎಚ್‌ಬಿಎ1ಸಿಯನ್ನು ಹಿಂದಿನ ರಿಪೋರ್ಟಿನ ಜೊತೆ ಹೋಲಿಸಿ. ಮೂರು ತಿಂಗಳಲ್ಲಿ 2ಕ್ಕಿಂತ ಹೆಚ್ಚು ಅಂಶ ಇಳಿದಿದ್ದು (12ರಿಂದ 7ಕ್ಕೆ ಬಂದ ಹಾಗೆ), ಅದರ ಬೆನ್ನಿಗೇ ಪಾದದಲ್ಲಿ ಜೋರು ಉರಿ ಶುರುವಾಗಿದ್ದರೆ, ಶುಗರ್ ತೀರಾ ವೇಗವಾಗಿ ಇಳಿದದ್ದೇ ಕಾರಣವಿರಬಹುದು. ‘ಇನ್ಸುಲಿನ್‌ನಿಂದ ಕಾಲು ಹೋಯಿತು’ ಎಂಬ ಊರಮಾತು ಹುಟ್ಟುವುದು ಇಂಥ ಕಡೆ. ಇನ್ಸುಲಿನ್ ನಿಲ್ಲಿಸಬೇಡಿ. ಈ ಉರಿ ಹೆಚ್ಚಿನವರಲ್ಲಿ ತಿಂಗಳುಗಳಲ್ಲಿ ತಗ್ಗುತ್ತದೆ, ಅಲ್ಲಿಯವರೆಗೆ ನೋವಿಗೆ ಔಷಧಿಯಿದೆ. ಕಣ್ಣಿನ ರೆಟಿನಾ ಪರೀಕ್ಷೆಯನ್ನೂ ಆಗಲೇ ಮಾಡಿಸಿ.

ಹಂತ 6: ಡಾಕ್ಟರ ಮುಂದೆ ಸಾಕ್ಸ್ ಬಿಚ್ಚಿ ಕೂರಿ

ಶೂ ಲೇಸು ಬಿಚ್ಚುವ ಹೊತ್ತಿಗೆ ನಿಮ್ಮ ಸರದಿ ಮುಗಿದಿರುತ್ತದೆ. ಅವತ್ತು ಚಪ್ಪಲಿ ಹಾಕಿಕೊಂಡೇ ಹೋಗಿ. ಕೂತ ಕೂಡಲೇ ನಕ್ಷೆ ಮೇಜಿನ ಮೇಲಿಟ್ಟು ಮೂರು ಮಾತು: ಎಲ್ಲಿ, ಎಂದಿನಿಂದ, ಯಾವ ಮಾತ್ರೆ. ಆಮೇಲೆ ಕೇಳಿ, ‘ಡಾಕ್ಟ್ರೇ, ಒಂದ್ಸಲ ಪಾದ ಪರೀಕ್ಷೆ ಮಾಡಿಬಿಡ್ತೀರಾ?’ ಇದರಲ್ಲಿ ಧಾರ್ಷ್ಟ್ಯ ಏನೂ ಇಲ್ಲ. ಟೈಪ್ 2 ಪತ್ತೆಯಾದ ದಿನದಿಂದಲೇ ವರ್ಷಕ್ಕೊಮ್ಮೆ ನರದ ಪರೀಕ್ಷೆ ಆಗಬೇಕು ಎಂಬುದು ಅಮೆರಿಕನ್ ಡಯಾಬಿಟಿಸ್ ಅಸೋಸಿಯೇಷನ್ನಿನ ಶಿಫಾರಸು.

ಪೂರ್ತಿ ಪರೀಕ್ಷೆ ಅಂದರೆ 10 ಗ್ರಾಂ ಮೊನೊಫಿಲಮೆಂಟ್ ಎಂಬ ನೈಲಾನ್ ಎಳೆಯಿಂದ ಚುಚ್ಚಿದಂತೆ ಮುಟ್ಟುವುದು, 128 ಹರ್ಟ್ಜ್‌ನ ಟ್ಯೂನಿಂಗ್ ಫೋರ್ಕನ್ನು ಹೆಬ್ಬೆರಳ ಗಂಟಿಗಿಟ್ಟು ಕಂಪನ ಕೇಳುವುದು, ಹಿಮ್ಮಡಿಯ ಮೇಲಿನ ಸ್ನಾಯುರಜ್ಜುವಿಗೆ ಸುತ್ತಿಗೆ ತಟ್ಟುವುದು, ಪಾದದ ಮೇಲೂ ಒಳ ಹರಡಿನ ಹಿಂದೂ ನಾಡಿ ಹಿಡಿಯುವುದು. ಐದು ನಿಮಿಷದ ಕೆಲಸ.

ಇದ್ಯಾವುದನ್ನೂ ಮಾಡದೆ ನೇರ ನರ್ವ್ ಕಂಡಕ್ಷನ್ ಪರೀಕ್ಷೆಗೆ (ನರದಲ್ಲಿ ವಿದ್ಯುತ್ ಸಂಕೇತ ಹರಿಯುವುದನ್ನು ಅಳೆಯುವುದು) ಚೀಟಿ ಬರೆದರೆ, ಅದರಿಂದ ಏನು ತಿಳಿಯಬೇಕಾಗಿದೆ ಎಂದು ವಿನಯದಿಂದ ಕೇಳಿ. ಎರಡೂ ಪಾದದಲ್ಲಿ ಸಮವಾಗಿ ನಿಧಾನ ಬಂದ ಜೋಮಿಗೆ ಅದು ಸಾಮಾನ್ಯವಾಗಿ ಬೇಕಾಗುವುದಿಲ್ಲ. ಅದು ಅಳೆಯುವುದು ದಪ್ಪ ನರಗಳನ್ನು, ಹಾಗಾಗಿ ಬರೀ ಉರಿ ಇರುವವರಲ್ಲಿ ನಾರ್ಮಲ್ ಬಂದು ‘ಎಲ್ಲ ನಿಮ್ಮ ಮನಸ್ಸಿನದು’ ಎನ್ನಿಸಿಕೊಳ್ಳುವ ಪ್ರಸಂಗವೂ ಇದೆ. ಒಂದೇ ಬದಿ ಜೋಮು, ಶಕ್ತಿ ಕುಂದುವುದು, ವಾರಗಳಲ್ಲಿ ಏರುವುದು, ಕೈಯಲ್ಲೇ ಮೊದಲು ಶುರುವಾಗುವುದು ಇದ್ದರೆ ಮಾತ್ರ ಆ ಪರೀಕ್ಷೆಯೂ ನರರೋಗ ತಜ್ಞರೂ ಬೇಕೇ ಬೇಕು.

ಹಂತ 7: ಔಷಧಿಯಿಂದ ಏನಾಗುತ್ತದೆ, ಏನಾಗುವುದಿಲ್ಲ

ಪ್ರಿಗಾಬಾಲಿನ್, ಗಾಬಾಪೆಂಟಿನ್, ಡುಲಾಕ್ಸೆಟಿನ್, ಅಮಿಟ್ರಿಪ್ಟಿಲಿನ್ ಉರಿ ಮತ್ತು ನೋವನ್ನು ತಗ್ಗಿಸುತ್ತವೆ. ಮರಗಟ್ಟಿದ್ದನ್ನು ವಾಪಸು ತರುವುದಿಲ್ಲ. ಇದು ಗೊತ್ತಿಲ್ಲದೆ ಹದಿನೈದು ದಿನಕ್ಕೆ ‘ಉಪಯೋಗ ಇಲ್ಲ’ ಎಂದು ಬಿಡುವವರು ಬಹಳ. ಪರಿಣಾಮ ಕಾಣಲು ವಾರಗಳು ಬೇಕು. ಮೊದಲೆರಡರಲ್ಲಿ ತೂಕಡಿಕೆ, ಕಾಲೂತ ಬರಬಹುದು, ಶುರುವಿನ ದಿನಗಳಲ್ಲಿ ಸ್ಕೂಟರ್ ಬೇಡ. ಕಿಡ್ನಿ ಕುಂದಿದ್ದರೆ ಅವುಗಳ ಪ್ರಮಾಣ ಇಳಿಸಬೇಕು, ಒಮ್ಮೆಲೇ ನಿಲ್ಲಿಸಲೂಬಾರದು. ಅಮಿಟ್ರಿಪ್ಟಿಲಿನ್ ಬರೆದರೆ ಪ್ರಾಸ್ಟೇಟ್, ಗ್ಲಾಕೋಮಾ, ಹೃದಯದ ತೊಂದರೆ ಇದೆಯೇ ಎಂದು ತಿಳಿಸಿ.

ಶುಗರ್ ಹತೋಟಿಯಿಂದ ನರಹಾನಿ ಮುಂದುವರಿಯುವ ವೇಗ ಇಳಿಯುತ್ತದೆ, ಹೋದದ್ದು ಪೂರ್ತಿ ಮರಳುತ್ತದೆ ಎಂದು ಭರವಸೆ ಕೊಡುವವರನ್ನು ನಂಬಬೇಡಿ. ಬಿ12 ಕೊರತೆಯಾಗಿದ್ದರೆ ಬೇಗ ಹಿಡಿದಷ್ಟೂ ಚೇತರಿಕೆ ಹೆಚ್ಚು, ಅದಕ್ಕೂ ತಿಂಗಳುಗಳು ಹಿಡಿಯುತ್ತವೆ. ಮೆಟ್‌ಫಾರ್ಮಿನ್ ಮುಂದುವರಿಯುವವರೆಗೆ ಆಗಾಗ ಬಿ12 ನೋಡಿಸುತ್ತಿರಿ.

ಹಂತ 8: ಪಾದ ಕಾಯುವುದು

ಕ್ರಮದಲ್ಲಿ ಎಂಟನೆಯದಾಗಿ ಬರೆದರೂ ಇದು ಮೊದಲ ದಿನದಿಂದಲೇ ಶುರುವಾಗಬೇಕು. ರಾತ್ರಿ ಮಲಗುವ ಮುಂಚೆ ಕೈಗನ್ನಡಿ ಹಿಡಿದು ಅಂಗಾಲು ನೋಡಿ, ಬೆರಳ ಸಂದಿಯನ್ನೂ ಬಿಡಿಸಿ ನೋಡಿ. ಚಪ್ಪಲಿ ಮೆಟ್ಟುವ ಮೊದಲು ಒಳಗೆ ಕೈಯಾಡಿಸಿ, ಕಲ್ಲು, ಮೊಳೆ ಕಾಲಿಗೆ ಗೊತ್ತಾಗುವುದಿಲ್ಲ. ನೀರಿನ ಬಿಸಿಯನ್ನು ಪಾದದಿಂದ ನೋಡಬೇಡಿ, ಮನೆಯವರ ಕೈಯಿಂದ ನೋಡಿಸಿ. ಬಿಸಿನೀರಿನ ಚೀಲ, ಕೆಂಡದ ಕಾವು, ಆಣಿಗೆ ಬ್ಲೇಡು, ಕಾರ್ನ್ ಕ್ಯಾಪ್ ಬೇಡ. ಎಣ್ಣೆ ಹಚ್ಚಿ, ಆದರೆ ಬೆರಳ ಸಂದಿಗೆ ಬೇಡ.

ಬೇಸಿಗೆಯಲ್ಲಿ ದೇವಸ್ಥಾನದ ಕಲ್ಲುಹಾಸಿನ ಮೇಲೆ ಪ್ರದಕ್ಷಿಣೆ ಹಾಕಿ ಬಂದು, ಸಂಜೆ ಬೊಕ್ಕೆ ನೋಡಿ ‘ಇದೆಲ್ಲಿಂದ ಬಂತು?’ ಎನ್ನುವವರಿದ್ದಾರೆ. ಮಧ್ಯಾಹ್ನದ ದರ್ಶನ ಬಿಟ್ಟು ಬೆಳಗಿನ ಜಾವ ಹೋಗಿ, ಅಡ್ಡಿಯಿಲ್ಲದ ಕಡೆ ದಪ್ಪ ಸಾಕ್ಸ್ ಹಾಕಿ. ಮನೆಯೊಳಗೂ ಓಡಾಡಲು ಒಂದು ಜೊತೆ ಎಂಸಿಆರ್ (ಮೆತ್ತನೆಯ ರಬ್ಬರಿನ) ಚಪ್ಪಲಿ ಇಟ್ಟುಕೊಳ್ಳಿ, ಹಿಂದೆ ಪಟ್ಟಿ ಇರುವಂಥದ್ದು. ಕೊಳ್ಳುವುದಾದರೆ ಪಾದ ಊದಿರುವ ಸಂಜೆಯ ಹೊತ್ತು ಹೋಗಿ.

ಒಂದು ಪಾದ ಮಾತ್ರ ಬಿಸಿಯಾಗಿ, ಕೆಂಪಾಗಿ ಊದಿಕೊಂಡರೆ, ಗಾಯವಿಲ್ಲ ನೋವಿಲ್ಲ ಎಂದು ನಡೆದಾಡಬೇಡಿ. ಶಾರ್ಕೋ ಪಾದ ಎಂಬ ಸ್ಥಿತಿಯಲ್ಲಿ ಒಳಗೆ ಮೂಳೆಗಳು ಸದ್ದಿಲ್ಲದೆ ಮುರಿಯುತ್ತಿರುತ್ತವೆ, ಶುರುವಿನಲ್ಲಿ ಎಕ್ಸ್‌ರೇ ಕೂಡ ಸರಿಯಾಗಿಯೇ ಕಾಣಬಹುದು. ಆ ಕಾಲಿನ ಮೇಲೆ ಭಾರ ಹಾಕದೆ ಅವತ್ತೇ ತೋರಿಸಿ.

ಇನ್ನೊಂದು ಸೂಚನೆ ಖುಷಿಯ ವೇಷದಲ್ಲಿ ಬರುತ್ತದೆ. ವರ್ಷಗಟ್ಟಲೆ ಕಾಡಿದ ಉರಿ ಔಷಧಿ ಇಲ್ಲದೆ ತಾನಾಗಿಯೇ ನಿಂತುಹೋದರೆ ನರ ವಾಸಿಯಾಯಿತು ಎಂದುಕೊಳ್ಳುತ್ತೇವೆ. ಉರಿ ತಿಳಿಸುತ್ತಿದ್ದ ನರವೇ ಸತ್ತಿರಬಹುದು. ಅವತ್ತು ಮನೆಯವರನ್ನು ಕರೆದು ಆರು ಬೆರಳಿನ ಪರೀಕ್ಷೆ ಮತ್ತೊಮ್ಮೆ ಮಾಡಿಸಿ, ಹಳೆಯ ನಕ್ಷೆಯ ಪಕ್ಕದಲ್ಲೇ ಹೊಸದನ್ನು ಬರೆದು, ಎರಡನ್ನೂ ಡಾಕ್ಟರಿಗೆ ತೋರಿಸಿ.